ಸಿಂಹಕ್ಕೆ ಹಗ್ಗ ಹಿಡಿದ ನಟಿ: ಯುವ ಬರಹಗಾರರಿಗೊಂದು ಪತ್ರ

ಪ್ರಿಯ ಮಿತ್ರರೇ,

ಮೇಬಲ್ ನಾರ್ಮಂಡ್ ಅವರನ್ನು ಕುರಿತ ನಿಮ್ಮ ಲೇಖನದ ಕರಡನ್ನು ಪೂರ್ತಿಯಾಗಿ ಓದಿದೆ. ಮೂಕಿ ಚಿತ್ರಗಳ ಮಾತು ಬಂದರೆ ನಮ್ಮಲ್ಲಿ ಚಾಪ್ಲಿನ್ ಹೆಸರೊಂದೇ ನೆನಪಾಗುತ್ತದೆ. ಅವರು ಕ್ಯಾಮೆರಾದ ಮುಂದೆ ನಿಲ್ಲುವ ಮೊದಲೇ ಅಮೆರಿಕದ ಪ್ರೇಕ್ಷಕರನ್ನು ನಗಿಸುತ್ತಿದ್ದ ನಟಿಯೊಬ್ಬರನ್ನು ನೀವು ಆರಿಸಿಕೊಂಡದ್ದು ನನಗೆ ಬಹಳ ಸಂತೋಷ ತಂದಿತು. ಆದರೆ ಲೇಖನವು 1922ರ ಫೆಬ್ರವರಿ 1ರ ರಾತ್ರಿಯಿಂದ ಆರಂಭವಾಗಬಾರದು. ಆ ರಾತ್ರಿ ಲಾಸ್ ಏಂಜಲೀಸಿನಲ್ಲಿ ನಿರ್ದೇಶಕ ವಿಲಿಯಂ ಡೆಸ್ಮಂಡ್ ಟೇಲರ್ ತಮ್ಮ ಮನೆಯಲ್ಲಿ ಗುಂಡೇಟಿಗೆ ಬಲಿಯಾದರು. ಕೊಲೆಗೆ ಮುನ್ನ ಅವರನ್ನು ಭೇಟಿಯಾಗಿ ಹೋದವರಲ್ಲಿ, ತಿಳಿದುಬಂದ ಮಟ್ಟಿಗೆ, ಮೇಬಲ್ ಕೊನೆಯವರು; ಕೊಂದವರು ಯಾರೆಂಬುದು ಇಂದಿಗೂ ಇತ್ಯರ್ಥವಾಗಿಲ್ಲ. ಅಲ್ಲಿಂದ ಹೊರಟ ಲೇಖನದಲ್ಲಿ ಓದುಗರು ಕೊನೆಯ ಸಾಲಿನವರೆಗೂ ಕೊಲೆಗಾರನನ್ನೇ ಹುಡುಕುತ್ತಾರೆ. ಅದಕ್ಕೆ ಮೊದಲಿನ ಹತ್ತು ವರ್ಷಗಳ ದುಡಿಮೆ ಯಾರ ಕಣ್ಣಿಗೂ ಬೀಳುವುದಿಲ್ಲ. ಮೇಬಲ್ ಬದುಕಿದ್ದಾಗ ಪತ್ರಿಕೆಗಳು ಅವರಿಗೆ ಮಾಡಿದ ಅನ್ಯಾಯವೂ ಇದೇ.

ಒಂದು ದೃಶ್ಯದಿಂದ ಆರಂಭಿಸಿ. 1923ರ ‘ದಿ ಎಕ್ಸ್‌ಟ್ರಾ ಗರ್ಲ್’ ಚಿತ್ರದಲ್ಲಿ ಮೇಬಲ್ ನಟಿಯಾಗುವ ಆಸೆಯಿಂದ ಸಣ್ಣ ಊರಿನಿಂದ ಹಾಲಿವುಡ್‌ಗೆ ಬಂದು, ಸ್ಟುಡಿಯೋದ ಉಡುಪು ವಿಭಾಗದಲ್ಲಿ ಕೆಲಸಕ್ಕೆ ಸೇರುವ ಹುಡುಗಿ. ಸಿಂಹದ ವೇಷ ಹಾಕಿದ ನಾಯಿಯೆಂದು ಭಾವಿಸಿ ಆಕೆ ನಿಜವಾದ ಸಿಂಹಕ್ಕೇ ಹಗ್ಗ ಹಿಡಿದು ಸ್ಟುಡಿಯೋದಲ್ಲಿ ನಡೆಸಿಕೊಂಡು ಹೋಗುತ್ತಾಳೆ. ಇದನ್ನು ನೀವು ‘ಅದ್ಭುತ ಹಾಸ್ಯ ಸನ್ನಿವೇಶ’ ಎಂಬ ಎರಡು ಮೂರು ಪದಗಳಲ್ಲಿ ಮುಗಿಸಿದ್ದೀರಿ. ಮತ್ತೆ ನೋಡಿ. ನಗು ಹುಟ್ಟುವುದು ಸಿಂಹದಿಂದಲ್ಲ. ಮೊಂಡು ಹಸುವನ್ನು ಕೊಟ್ಟಿಗೆಗೆ ಎಳೆದೊಯ್ಯುವ ಹುಡುಗಿಯ ಸಲೀಸು ಆಕೆಯ ನಡಿಗೆಯಲ್ಲಿ ಇರುವುದರಿಂದ. ಪ್ರೇಕ್ಷಕರಿಗೆ ಗೊತ್ತಿರುವುದು ತನಗೆ ಗೊತ್ತಿಲ್ಲ ಎಂಬುದನ್ನು ಅಷ್ಟು ಹೊತ್ತು ಮುಖದಲ್ಲಿ ಕಾಪಾಡಿಕೊಳ್ಳುವುದು ಎಷ್ಟು ಕಷ್ಟವೆಂದು ಯೋಚಿಸಿ. ನಿಮ್ಮ ಬರಹದ ಒಂದು ಇಡೀ ಪುಟಕ್ಕೆ ಈ ದೃಶ್ಯ ಅರ್ಹವಾಗಿದೆ.

ನೋಡುವಾಗ ಎರಡು ಸಂಗತಿಗಳನ್ನು ಗಮನದಲ್ಲಿಡಿ. ಅಂದಿನ ಕ್ಯಾಮೆರಾಗಳನ್ನು ಕೈಯಿಂದ ತಿರುಗಿಸುತ್ತಿದ್ದರು; ಸೆಕೆಂಡಿಗೆ ಸುಮಾರು 16ರಿಂದ 20 ಫ್ರೇಮ್‌ಗಳಂತೆ ಸೆರೆಯಾದದ್ದನ್ನು 24ರ ವೇಗದಲ್ಲಿ ಓಡಿಸಿದರೆ ಎಲ್ಲರೂ ಅರ್ಥವಿಲ್ಲದೆ ಧಾವಿಸುವಂತೆ ಕಾಣುತ್ತಾರೆ. ಓಟದ ದೃಶ್ಯಗಳಲ್ಲಿ ವೇಗವನ್ನು ಬೇಕೆಂದೇ ಹೆಚ್ಚಿಸುತ್ತಿದ್ದುದೂ ಉಂಟು, ಆದರೆ ಮುಖಾಭಿನಯದ ಸೂಕ್ಷ್ಮ ಸರಿಯಾದ ವೇಗದಲ್ಲಿ ಮಾತ್ರ ತಿಳಿಯುತ್ತದೆ. ಇನ್ನೊಂದು, ಆ ಕಾಲದ ಫಿಲ್ಮ್ ಕೆಂಪು ಬಣ್ಣವನ್ನು ಗ್ರಹಿಸುತ್ತಿರಲಿಲ್ಲ. ಕೆಂಪು ತುಟಿ ಕಪ್ಪಾಗಿಯೂ ನೀಲಿ ಕಣ್ಣು ತೀರ ಬಿಳಿಚಿಯೂ ಮೂಡುತ್ತಿತ್ತು. ‘ಅತಿಯಾದ ಬಣ್ಣ ಹಚ್ಚಿದ ಮುಖ’ ಎಂದು ನೀವು ಆಕ್ಷೇಪಿಸಿರುವುದಕ್ಕೆ ಕಾರಣ ನಟಿಯ ಅಭಿರುಚಿಯಲ್ಲ, ಫಿಲ್ಮಿನ ಗುಣ.

‘ಮಹಿಳಾ ಚಾಪ್ಲಿನ್’ ಎಂಬ ಬಿರುದನ್ನು ದಯವಿಟ್ಟು ತೆಗೆದುಹಾಕಿ. ನ್ಯೂಯಾರ್ಕಿನ ಸ್ಟೇಟನ್ ಐಲೆಂಡಿನಲ್ಲಿ ಹುಟ್ಟಿ, ಹದಿಹರೆಯದಲ್ಲೇ ಚಾರ್ಲ್ಸ್ ಡೇನಾ ಗಿಬ್ಸನ್ ಅವರಂಥ ಚಿತ್ರಕಾರರಿಗೆ ರೂಪದರ್ಶಿಯಾಗಿ ದುಡಿದು, ವೈಟಾಗ್ರಾಫ್ ಮತ್ತು ಬಯೋಗ್ರಾಫ್ ಕಂಪನಿಗಳಲ್ಲಿ ಪಳಗಿದ ಮೇಬಲ್, 1912ರಲ್ಲಿ ಹಾಸ್ಯಚಿತ್ರಗಳ ನಿರ್ಮಾಪಕ ಮ್ಯಾಕ್ ಸೆನೆಟ್ ಕೀಸ್ಟೋನ್ ಸ್ಟುಡಿಯೋ ಕಟ್ಟಿದಾಗ ಅದರ ಮುಖ್ಯ ತಾರೆಯಾಗಿದ್ದರು. ಚಾಪ್ಲಿನ್ ಅಲ್ಲಿಗೆ ಬಂದದ್ದು 1913ರ ಕೊನೆಯಲ್ಲಿ. ಅಲೆಮಾರಿಯ ವೇಷ ತೊಟ್ಟು ಅವರು ಮೊದಲು ನಟಿಸಿದರೆನ್ನಲಾದ ‘ಮೇಬಲ್ಸ್ ಸ್ಟ್ರೇಂಜ್ ಪ್ರೆಡಿಕಮೆಂಟ್’ ಚಿತ್ರದ ಶೀರ್ಷಿಕೆಯಲ್ಲಿರುವುದು ಯಾರ ಹೆಸರೆಂದು ನೋಡಿ. ಬಾಗಿಲು ಮುಚ್ಚಿಕೊಂಡದ್ದರಿಂದ ರಾತ್ರಿಯುಡುಪಿನಲ್ಲಿ ಹೋಟೆಲ್ ಕೋಣೆಯ ಹೊರಗೆ ಉಳಿದುಬಿಟ್ಟು, ಬೇರೊಬ್ಬರ ಮಂಚದಡಿ ಅಡಗುವ ಪೇಚಾಟ ಮೇಬಲ್ ಅವರದು. ಆ ಚಿತ್ರ ಬಿಡುಗಡೆಯಾದ 1914ರಲ್ಲಿ ಅವರು ನಿರ್ದೇಶನವನ್ನೂ ಮಾಡುತ್ತಿದ್ದರು.

‘ಮೇಬಲ್ ಅಟ್ ದಿ ವೀಲ್’ ಚಿತ್ರೀಕರಣದಲ್ಲಿ ನಡೆದ ಜಗಳವನ್ನು ನೀವು ಸೊಗಸಾಗಿ ನಿರೂಪಿಸಿದ್ದೀರಿ. ಚಾಪ್ಲಿನ್ ಒಂದು ಹಾಸ್ಯ ಸೂಚಿಸಿದರು, ನಿರ್ದೇಶಕಿ ಮೇಬಲ್ ಒಪ್ಪಲಿಲ್ಲ, ಚಾಪ್ಲಿನ್ ಮುನಿಸಿಕೊಂಡು ಕೆಲಸ ನಿಲ್ಲಿಸಿದರು. ಆದರೆ ನೀವು ನೆಚ್ಚಿಕೊಂಡಿರುವುದು 1964ರಲ್ಲಿ ಪ್ರಕಟವಾದ ಚಾಪ್ಲಿನ್ ಆತ್ಮಕಥೆಯನ್ನು. ಆ ವೇಳೆಗೆ ಮೇಬಲ್ ತೀರಿಕೊಂಡು 34 ವರ್ಷಗಳಾಗಿದ್ದವು. ಉತ್ತರ ಹೇಳಲು ಅವರಿರಲಿಲ್ಲ. ಪ್ರಸಂಗವನ್ನು ಬಿಡಬೇಕಿಲ್ಲ, ಹೇಳುತ್ತಿರುವವರು ಯಾರು, ಯಾವಾಗ ಹೇಳಿದರು ಎಂಬುದನ್ನು ಜೊತೆಗೇ ಬರೆಯಿರಿ. ನಟರೊಬ್ಬರು ತಮ್ಮ ಸೂಚನೆಯನ್ನು ಒತ್ತಾಯಿಸಿದಾಗ, ಸಂಜೆಯೊಳಗೆ ಚಿತ್ರೀಕರಣ ಮುಗಿಸಬೇಕಾದ ನಿರ್ದೇಶಕಿಗೆ ಏನೇನು ಲೆಕ್ಕಗಳಿದ್ದಿರಬಹುದು ಎಂದು ಓದುಗರು ತಾವೇ ಯೋಚಿಸಲಿ.

‘ಮೊಟ್ಟಮೊದಲ’ ಎಂಬ ಪದವನ್ನೂ ಅಷ್ಟೇ ಎಚ್ಚರದಿಂದ ಬಳಸಿ. ತೆರೆಯ ಮೇಲೆ ಮುಖಕ್ಕೆ ಪೈ ಎಂಬ ಮೆತ್ತನೆಯ ಸಿಹಿತಿಂಡಿ ಎಸೆದ ಮೊದಲಿಗರು ಮೇಬಲ್ ಎಂಬ ಮಾತು 1913ರ ಒಂದು ಚಿತ್ರವನ್ನು ಆಧರಿಸಿದೆ, ಆದರೆ 1909ರ ಚಿತ್ರವೊಂದರಲ್ಲೇ ಅಂಥ ಹಾಸ್ಯವಿದೆ. ಹುಟ್ಟಿದ ವರ್ಷವೂ ಅಂತೆಯೇ: ಸಮಾಧಿಯ ಮೇಲೆ 1895 ಎಂದಿದ್ದರೂ ಈಗ ಹೆಚ್ಚಾಗಿ ಒಪ್ಪುವುದು 1892ನ್ನು.

ಇನ್ನು ಹಗರಣಗಳ ಭಾಗ. ಮುಚ್ಚಿಡಿ ಎಂದು ನಾನು ಹೇಳುವುದಿಲ್ಲ. ಟೇಲರ್ ಕೊಲೆಯಾಗಿ ಎರಡು ವರ್ಷ ತುಂಬುವ ಮೊದಲೇ, 1924ರ ಹೊಸ ವರ್ಷದ ದಿನ, ಮೇಬಲ್ ಅವರ ಕಾರು ಚಾಲಕ ಅವರದೇ ಪಿಸ್ತೂಲಿನಿಂದ ಕೋರ್ಟ್‌ಲಂಡ್ ಡೈನ್ಸ್ ಎಂಬವರ ಮೇಲೆ ಗುಂಡು ಹಾರಿಸಿದ. ಡೈನ್ಸ್ ಬದುಕಿ ಉಳಿದರು. ಎರಡು ಘಟನೆಗಳಲ್ಲಿಯೂ ಗುಂಡು ಹಾರಿಸಿದವರು ಮೇಬಲ್ ಎಂದು ಯಾವ ನ್ಯಾಯಾಲಯವೂ ಹೇಳಲಿಲ್ಲ, ಆದರೂ ಅವರ ಚಿತ್ರಗಳನ್ನು ತಡೆಯಬೇಕೆಂಬ ಕೂಗು ಎದ್ದಿತು. ಅವರ ಜೊತೆ ಅನೇಕ ಚಿತ್ರಗಳಲ್ಲಿ ನಟಿಸಿದ್ದ ರಾಸ್ಕೋ ಅರ್ಬಕಲ್, ನಟಿಯೊಬ್ಬರ ಸಾವಿನ ಪ್ರಕರಣದಲ್ಲಿ 1922ರಲ್ಲಿ ನ್ಯಾಯಾಲಯ ನಿರ್ದೋಷಿ ಎಂದು ಘೋಷಿಸಿದ ಮೇಲೂ ತೆರೆಯಿಂದ ದೂರವಾಗಬೇಕಾಯಿತು. ಇವೆರಡನ್ನೂ ಒಟ್ಟಿಗೆ ಇಟ್ಟು ಬರೆದರೆ, ಇದು ಒಬ್ಬ ಹೆಣ್ಣಿನ ದುರದೃಷ್ಟದ ಕಥೆಯಾಗಿ ಉಳಿಯದೆ, ಹೆದರಿದ ಉದ್ಯಮವೊಂದು ತನ್ನ ಕಲಾವಿದರನ್ನು ಹೇಗೆ ಕೈಬಿಟ್ಟಿತು ಎಂಬ ವಿಷಯವಾಗುತ್ತದೆ. ಎರಡು ಪ್ಯಾರಾಗಳು ಸಾಕು.

ಅಲ್ಲಿ ಉಳಿಸಿದ ಜಾಗವನ್ನು ಎರಡು ಕಡೆಗೆ ಕೊಡಿ. ಒಂದು, 1916ರಲ್ಲಿ ಅವರ ಹೆಸರಿನಲ್ಲೇ ಆರಂಭವಾದ ಚಿತ್ರ ಕಂಪನಿ ಮತ್ತು ಅಲ್ಲಿ ತಯಾರಾಗಿ, ಬಹಳ ತಡವಾಗಿ 1918ರಲ್ಲಿ ಬಿಡುಗಡೆಯಾಗಿ, ಭಾರೀ ಯಶಸ್ಸು ಕಂಡ ‘ಮಿಕಿ’. ಇನ್ನೊಂದು, ನೀವು ಒಂದೇ ವಾಕ್ಯದಲ್ಲಿ ದಾಟಿಹೋದ 1926. ಆ ವರ್ಷ ಅವರು ಹಾಲ್ ರೋಚ್ ಸ್ಟುಡಿಯೋದಲ್ಲಿ ಮತ್ತೆ ಹಾಸ್ಯ ಚಿತ್ರಗಳಿಗೆ ಮರಳಿದರು. ‘ದಿ ನಿಕಲ್ ಹಾಪರ್’ನಲ್ಲಿ ಕಾಸಿಗೆ ಒಂದು ನೃತ್ಯದಂತೆ ಗಿರಾಕಿಗಳೊಡನೆ ಕುಣಿದು ಸಂಸಾರ ಸಾಗಿಸುವ ಹುಡುಗಿಯ ಪಾತ್ರ ಅವರದು. ನಾಲ್ಕು ವರ್ಷಗಳೊಳಗೆ, 1930ರ ಫೆಬ್ರವರಿ 23ರಂದು, ಕ್ಯಾಲಿಫೋರ್ನಿಯಾದ ಮನ್ರೋವಿಯಾದ ಕ್ಷಯರೋಗ ಆರೋಗ್ಯಧಾಮದಲ್ಲಿ ಅವರು ಕೊನೆಯುಸಿರೆಳೆದರು. ‘ಸೋತು ಸೊರಗಿದ ನಟಿ’ ಎಂದು ಬರೆಯುವ ಮೊದಲು ಆ ಚಿತ್ರ ನೋಡಿ.

ಒಂದು ಸೇರ್ಪಡೆ ಉಳಿದಿದೆ. ಅವರೇ ನಿರ್ದೇಶಿಸಿ ನಟಿಸಿದ 1914ರ ‘ವನ್ ಇನ್ ಎ ಕ್ಲಾಸೆಟ್’ ಬಹುಕಾಲ ಕಳೆದುಹೋಗಿತ್ತೆಂದೇ ಎಣಿಸಲಾಗಿತ್ತು. 2010ರಲ್ಲಿ ಅದರ ಒಂದು ಪ್ರತಿ ನ್ಯೂಜಿಲೆಂಡಿನ ಚಿತ್ರ ಸಂಗ್ರಹಾಲಯದಲ್ಲಿ ಸಿಕ್ಕಿತು. ನಿರ್ದೇಶಕಿಯಾಗಿ ಅವರನ್ನು ಅಳೆಯಲು ಚಾಪ್ಲಿನ್ ಮಾತಿಗಿಂತ ಅದು ಗಟ್ಟಿಯಾದ ಸಾಕ್ಷಿ. ಜಗಳದ ಪ್ರಸಂಗಕ್ಕಿಂತ ಮೊದಲೇ ಅದರ ವಿವರ ಬರಲಿ. ಈ ತಿದ್ದುಪಡಿಗಳಾದ ಮೇಲೆ ಹೊಸ ಕರಡನ್ನು ಕಳುಹಿಸಿಕೊಡಿ, ಖಂಡಿತ ಓದುತ್ತೇನೆ.

ಇಂತು ನಿಮ್ಮ ಹಿತೈಷಿ