ಫಾರ್ವ್ ಮತ್ತೆ ಬಂದ: ಗ್ರೀನ್ ಬೇಯಿಂದ ಅಣ್ಣನಿಗೊಂದು ಪತ್ರ

ಗ್ರೀನ್ ಬೇ, ವಿಸ್ಕಾನ್ಸಿನ್
ಆಗಸ್ಟ್ 22, 2010

ಪ್ರೀತಿಯ ಅಣ್ಣಾ,

ನಾವೆಲ್ಲ ಚೆನ್ನಾಗಿದ್ದೇವೆ. ಅಮ್ಮನ ಮಂಡಿ ನೋವು ಹೇಗಿದೆ? ಮೆಟ್ಟಿಲು ಹತ್ತುವುದು ಕಡಿಮೆ ಮಾಡಲಿ ಅಂತ ನಾನು ಹೇಳಿದೆ ಅಂತ ಹೇಳು. ಶುಕ್ರವಾರ ಇಲ್ಲೂ ವರಮಹಾಲಕ್ಷ್ಮಿ ಪೂಜೆ ಮಾಡಿದೆ. ಅತ್ತಿಗೆ ಕಳಿಸಿದ್ದ ಕಳಶದ ಸೀರೆಯನ್ನೇ ಉಡಿಸಿದೆ, ತುಂಬ ಚೆನ್ನಾಗಿ ಒಪ್ಪಿತು. ಫೋಟೋ ಬೇರೆ ಕಳಿಸುತ್ತೇನೆ.

ಮೊನ್ನೆ ಫೋನಿನಲ್ಲಿ ಸೆಹ್ವಾಗ್‌ಗೆ ಆದ ಅನ್ಯಾಯದ ಬಗ್ಗೆ ಸಿಟ್ಟಾಗಿ ಮಾತಾಡಿದೆಯಲ್ಲ, ಅವನು 99ರಲ್ಲಿ ಇದ್ದಾಗ ಶತಕ ತಪ್ಪಿಸಲು ಶ್ರೀಲಂಕಾದ ರಂದೀವ್ ಹಾಕಿದ ನೋ ಬಾಲ್ ಬಗ್ಗೆ, ಆಮೇಲೆ ನೀನು ಒಂದು ಪ್ರಶ್ನೆ ಕೇಳಿದೆ. "ನಿಮ್ಮೂರಿನ ಆ ಫುಟ್‌ಬಾಲ್ ಆಟಗಾರ ಫಾರ್ವ್ ಇನ್ನೊಂದು ವರ್ಷ ಆಡ್ತೀನಿ ಅಂದರೆ ನಿಮಗೇನು ಕಷ್ಟ? ಆಡಲಿ ಬಿಡಿ" ಅಂದೆ. ನಾನು ಉತ್ತರ ಶುರು ಮಾಡುವಷ್ಟರಲ್ಲಿ ಕಾಲಿಂಗ್ ಕಾರ್ಡ್ ಮುಗಿಯಿತು. ಅದಕ್ಕೇ ಈ ಪತ್ರ. ಉದ್ದ ಆಗುತ್ತದೆ, ಓದು.

ಮೊದಲು ಈ ಊರು ಎಂಥದ್ದು ಅಂತ ಗೊತ್ತಾಗಬೇಕು. ಗ್ರೀನ್ ಬೇ ಸಣ್ಣ ಊರು. ಜನಸಂಖ್ಯೆ ಸುಮಾರು ಒಂದು ಲಕ್ಷ. ಕಾಗದದ ಮಿಲ್ಲುಗಳು, ಸುತ್ತ ಹೈನುಗಾರಿಕೆ, ಆರು ತಿಂಗಳು ಚಳಿ. ಇಂಥ ಊರಿನಲ್ಲಿ ಅಮೆರಿಕನ್ ಫುಟ್‌ಬಾಲಿನ ಅತಿ ದೊಡ್ಡ ಲೀಗಿನ ಒಂದು ತಂಡ ಇದೆ, ಪ್ಯಾಕರ್ಸ್. ಬೇರೆ ತಂಡಗಳಿಗೆಲ್ಲ ಕೋಟ್ಯಧೀಶ ಮಾಲೀಕರಿದ್ದಾರೆ. ಇದಕ್ಕೆ ಮಾಲೀಕ ಅಂತ ಒಬ್ಬನಿಲ್ಲ. ಒಂದು ಲಕ್ಷಕ್ಕೂ ಹೆಚ್ಚು ಸಾಮಾನ್ಯ ಜನ ಷೇರು ಇಟ್ಟುಕೊಂಡಿದ್ದಾರೆ. ಲಾಭಾಂಶ ಬರುವುದಿಲ್ಲ, ಷೇರನ್ನು ಲಾಭಕ್ಕೆ ಮಾರುವ ಹಾಗೂ ಇಲ್ಲ. ನಮ್ಮ ಕಡೆ ಹಾಲಿನ ಸೊಸೈಟಿ ಊರಿನದೇ ಆಗಿರುತ್ತದಲ್ಲ, ಹಾಗೆ ಈ ತಂಡ ಊರಿನದು. ಲ್ಯಾಂಬೋ ಫೀಲ್ಡ್ ಅನ್ನುವ ಸ್ಟೇಡಿಯಂನಲ್ಲಿ ಎಪ್ಪತ್ತು ಸಾವಿರಕ್ಕೂ ಜಾಸ್ತಿ ಜನ ಕೂರುತ್ತಾರೆ. ಸೀಸನ್ ಟಿಕೆಟ್ ಬೇಕು ಅಂತ ಹೆಸರು ಬರೆಸಿದರೆ ಸಿಗುವಷ್ಟರಲ್ಲಿ ಮಕ್ಕಳು ದೊಡ್ಡವರಾಗಿರುತ್ತಾರೆ. ಹಿಮ ಬಿದ್ದರೆ ಊರಿನವರೇ ಸಲಿಕೆ ಹಿಡಿದು ಹೋಗಿ ಕೂರುವ ಜಾಗ ಖಾಲಿ ಮಾಡುತ್ತಾರೆ.

ಈ ತಂಡ ಅರವತ್ತರ ದಶಕದಲ್ಲಿ ಎಲ್ಲವನ್ನೂ ಗೆದ್ದಿತ್ತು. ಆಮೇಲೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ. 1992ರಲ್ಲಿ ಬ್ರೆಟ್ ಫಾರ್ವ್ ಬಂದ. ಮಿಸಿಸಿಪ್ಪಿಯ ಹಳ್ಳಿ ಹುಡುಗ, ಅಟ್ಲಾಂಟಾದ ತಂಡ ಬೇಡ ಅಂತ ಕೊಟ್ಟುಬಿಟ್ಟಿತ್ತು. ಕ್ವಾರ್ಟರ್‌ಬ್ಯಾಕ್, ಅಂದರೆ ಪ್ರತಿ ಸಲ ಚೆಂಡು ಕೈಗೆ ತೆಗೆದುಕೊಂಡು ಯಾರಿಗೆ ಎಸೆಯಬೇಕು ಅಂತ ತೀರ್ಮಾನ ಮಾಡುವವನು. ಆ ವರ್ಷ ಸೆಪ್ಟೆಂಬರಿನಲ್ಲಿ ಮೊದಲ ಕ್ವಾರ್ಟರ್‌ಬ್ಯಾಕ್‌ಗೆ ಪೆಟ್ಟಾಯಿತು, ಇವನು ಇಳಿದ. ಆಮೇಲೆ ಒಂದೇ ಒಂದು ಪಂದ್ಯವನ್ನೂ ತಪ್ಪಿಸಿಲ್ಲ, ಅಣ್ಣಾ. ಇವತ್ತಿನವರೆಗೆ ಸತತ 285 ಲೀಗ್ ಪಂದ್ಯ. ನೂರು ಕೆಜಿಗೂ ಮೇಲಿನ ಗಂಡಸರು ಓಡಿ ಬಂದು ನೆಲಕ್ಕೆ ಕೆಡಹುವ ಆಟದಲ್ಲಿ ಇದು. 1995, 96, 97 ಮೂರೂ ವರ್ಷ ಲೀಗಿನ ಅತ್ಯುತ್ತಮ ಆಟಗಾರ. 1997ರ ಜನವರಿಯಲ್ಲಿ ಸೂಪರ್ ಬೌಲ್, ಅಂದರೆ ಲೀಗಿನ ಫೈನಲ್, ಗೆದ್ದುಕೊಟ್ಟ.

2003ರ ಡಿಸೆಂಬರಿನಲ್ಲಿ ಅವನ ಅಪ್ಪ ತೀರಿಕೊಂಡರು. ಮರುದಿನ ರಾತ್ರಿ ಓಕ್ಲೆಂಡಿನಲ್ಲಿ ಪಂದ್ಯ. ಅವನು ಆಡಿದ. 399 ಗಜ ಎಸೆದ, ನಾಲ್ಕು ಟಚ್‌ಡೌನ್, ಅಂದರೆ ಚೆಂಡನ್ನು ಎದುರಾಳಿಯ ಕೊನೆ ಗೆರೆ ದಾಟಿಸಿ ಅಂಕ ಗಳಿಸುವುದು. ಎದುರಾಳಿ ತಂಡದ ಅಭಿಮಾನಿಗಳೇ ಎದ್ದು ಚಪ್ಪಾಳೆ ಹೊಡೆದರು. ಆ ರಾತ್ರಿಯ ಬಗ್ಗೆ ಇಲ್ಲಿನ ಜನ ಈಗಲೂ ಮಾತಾಡುತ್ತಾರೆ, ಆಡುವಾಗ ದನಿ ಬೇರೆಯಾಗುತ್ತದೆ. ಇಷ್ಟು ಪ್ರೀತಿ ಇತ್ತು ಅಂತ ತಿಳಿದರೆ ಮಾತ್ರ ಮುಂದಿನದು ಅರ್ಥವಾಗುತ್ತದೆ.

2005ರಲ್ಲಿ ತಂಡ 16ರಲ್ಲಿ 4 ಪಂದ್ಯ ಮಾತ್ರ ಗೆದ್ದಿತು. ಅದೇ ವರ್ಷ ಆರನ್ ರಾಜರ್ಸ್ ಅನ್ನುವ ಹುಡುಗನನ್ನು ಮುಂದಿನ ಕ್ವಾರ್ಟರ್‌ಬ್ಯಾಕ್ ಆಗಲಿ ಅಂತ ತಂದರು. ಆಗಿನಿಂದ ಪ್ರತಿ ಬೇಸಿಗೆಯೂ ಅದೇ ಪ್ರಶ್ನೆ: ಫಾರ್ವ್ ಆಡುತ್ತಾನಾ, ಬಿಡುತ್ತಾನಾ? 2006ರಲ್ಲಿ ಅವನು ಹೇಳಿದ್ದು ಏಪ್ರಿಲ್ ಕೊನೆಗೆ. ಊರು ಕಾಯಿತು. ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ, ನಮ್ಮವನೇ ತಾನೇ ಅಂತ.

2008ರ ಜನವರಿ 20ಕ್ಕೆ ಲ್ಯಾಂಬೋದಲ್ಲಿ ನ್ಯೂಯಾರ್ಕ್ ಜೈಂಟ್ಸ್ ಜೊತೆ ಸೆಮಿಫೈನಲ್ ಅನ್ನಬಹುದಾದ ಪಂದ್ಯ. ಸೊನ್ನೆಗಿಂತ ಹದಿನೆಂಟು ಡಿಗ್ರಿ ಕೆಳಗೆ. ಹೆಚ್ಚುವರಿ ಸಮಯದಲ್ಲಿ ಅವನು ಎಸೆದ ಚೆಂಡು ಎದುರಾಳಿಯ ಕೈಗೆ ಹೋಯಿತು, 23-20ಕ್ಕೆ ಸೋತೆವು. ಮಾರ್ಚ್ ಮೊದಲ ವಾರ ನಿವೃತ್ತಿ. ಟಿವಿ ಮುಂದೆ ಬಿಕ್ಕಿ ಬಿಕ್ಕಿ ಅತ್ತ. ಆಡಬಲ್ಲೆ, ಆದರೆ ಆಡುವ ಮನಸ್ಸಿಲ್ಲ ಅಂದ. ನಮ್ಮ ಪಕ್ಕದ ಮನೆಯ ಅಜ್ಜ ಮಿಲ್ಲಿನಲ್ಲಿ ದುಡಿದವರು, ಮಾತು ಕಡಿಮೆ. ಅವತ್ತು ಅವರೂ ಅತ್ತರು. ನಮ್ಮ ಆಫೀಸಿನಲ್ಲಿ ಎಲ್ಲರೂ ಕೆಲಸ ಬಿಟ್ಟು ಟಿವಿ ಮುಂದೆ ನಿಂತಿದ್ದರು. ಸೆಪ್ಟೆಂಬರಿನ ಮೊದಲ ಪಂದ್ಯದ ದಿನ ಅವನ 4ನೇ ನಂಬರನ್ನು ಇನ್ನು ಯಾರಿಗೂ ಕೊಡುವುದಿಲ್ಲ ಅಂತ ಗೌರವ ಸಲ್ಲಿಸಲು ತಂಡ ತಯಾರಿ ಮಾಡಿಕೊಂಡಿತು.

ಜುಲೈನಲ್ಲಿ ಅವನು ಮನಸ್ಸು ಬದಲಾಯಿಸಿದ.

ಅಷ್ಟರಲ್ಲಿ ತಂಡ ರಾಜರ್ಸ್‌ನನ್ನು ಮುಂದಿಟ್ಟುಕೊಂಡು ಎಲ್ಲ ಸಿದ್ಧ ಮಾಡಿತ್ತು. ಹಾಗಾದರೆ ನನ್ನನ್ನು ಬಿಟ್ಟುಬಿಡಿ, ಬೇರೆ ಕಡೆ ಆಡುತ್ತೇನೆ ಅಂದ. ಬಿಟ್ಟರೆ ಮಿನ್ನೆಸೋಟ ವೈಕಿಂಗ್ಸ್‌ಗೆ ಹೋಗುತ್ತಾನೆ ಅಂತ ತಂಡಕ್ಕೆ ಭಯ. ಅವರು ನಮ್ಮ ಗುಂಪಿನಲ್ಲೇ ಇರುವವರು, ವರ್ಷಕ್ಕೆ ಎರಡು ಸಲ ಆಡಬೇಕು, ನಾಲ್ಕೈದು ಗಂಟೆ ಕಾರಿನ ದಾರಿ. ಇದೇ ಜಗ್ಗಾಟ ಬೇಸಿಗೆಯೆಲ್ಲ ನಡೆಯಿತು. ಆಗಸ್ಟ್ 3ಕ್ಕೆ ಅವನು ವಿಮಾನದಲ್ಲಿ ಬಂದಿಳಿದ. ಅದೇ ಸಂಜೆ ಲ್ಯಾಂಬೋದಲ್ಲಿ ಕುಟುಂಬಗಳಿಗಾಗಿ ಅಭ್ಯಾಸ ಪಂದ್ಯ, ಮಕ್ಕಳೆಲ್ಲ ಬಂದಿದ್ದರು. ರಾಜರ್ಸ್ ಚೆಂಡು ಹಿಡಿದರೆ ಕೆಲವರು ಕೂಗಿ ಅವಮಾನ ಮಾಡಿದರು. ನೋಡು, ಆ ಹುಡುಗ ಮೂರು ವರ್ಷ ಬೆಂಚಿನ ಮೇಲೆ ಸುಮ್ಮನೆ ಕೂತಿದ್ದವನು. ಯಾರ ಬಗ್ಗೆಯೂ ಕೆಟ್ಟದ್ದು ಹೇಳಿದವನಲ್ಲ. ಅವನಿಗೆ ಸ್ವಂತ ಊರಿನ ಜನರಿಂದ ಇದು ಯಾಕೆ ಬೇಕಿತ್ತು? ಎರಡು ಮೂರು ದಿನದಲ್ಲಿ ಫಾರ್ವ್‌ನನ್ನು ನ್ಯೂಯಾರ್ಕ್ ಜೆಟ್ಸ್‌ಗೆ ಕೊಟ್ಟರು.

ಜೆಟ್ಸ್‌ನಲ್ಲಿ ಒಂದು ವರ್ಷ. 2009ರ ಫೆಬ್ರವರಿಯಲ್ಲಿ ಮತ್ತೆ ನಿವೃತ್ತಿ. ಜುಲೈ ಕೊನೆಯಲ್ಲಿ ವೈಕಿಂಗ್ಸ್‌ಗೆ ನಾನು ಬರುವುದಿಲ್ಲ ಅಂತ ಹೇಳಿದ. ಮೂರು ವಾರ ಕಳೆದು ಆಗಸ್ಟ್ 18ಕ್ಕೆ ಅದೇ ವೈಕಿಂಗ್ಸ್‌ಗೆ ಸಹಿ ಹಾಕಿದ. ಕೋಚ್ ತಾನೇ ಕಾರು ಓಡಿಸಿಕೊಂಡು ಹೋಗಿ ವಿಮಾನ ನಿಲ್ದಾಣದಿಂದ ಕರೆತಂದ, ಟಿವಿಯವರ ಹೆಲಿಕಾಪ್ಟರ್ ಆ ಕಾರಿನ ಹಿಂದೆ ಹಾರುತ್ತಿತ್ತು. ಅಕ್ಟೋಬರಿನಲ್ಲಿ ಮಿನಿಯಾಪೊಲಿಸ್‌ನಲ್ಲಿ ನಮ್ಮನ್ನು ಸೋಲಿಸಿದ. ನವೆಂಬರ್ 1ಕ್ಕೆ ಲ್ಯಾಂಬೋಗೇ ಬಂದು ನಾಲ್ಕು ಟಚ್‌ಡೌನ್ ಎಸೆದು ಸೋಲಿಸಿದ, 38-26. ಹದಿನಾರು ವರ್ಷ ಅವನಿಗಾಗಿ ಕೂಗಿದ ಸ್ಟೇಡಿಯಂ ಅವತ್ತು ಅವನ ವಿರುದ್ಧ ಕೂಗಿತು. ನಾನು ಟಿವಿಯಲ್ಲಿ ನೋಡಿದೆ. ಗೆದ್ದಿದ್ದರೂ ಆ ಸದ್ದು ನನಗೆ ಸಹಿಸಲು ಆಗುತ್ತಿರಲಿಲ್ಲ. ಆ ಎರಡು ಪಂದ್ಯಗಳಲ್ಲಿ ವೈಕಿಂಗ್ಸ್‌ನವರು ರಾಜರ್ಸ್‌ನನ್ನು ಒಟ್ಟು 14 ಸಲ ನೆಲಕ್ಕೆ ಕೆಡವಿದರು. ಅವನು 14 ಸಲವೂ ಎದ್ದ.

ಆ ವರ್ಷ ಫಾರ್ವ್ ಎಷ್ಟು ಚೆನ್ನಾಗಿ ಆಡಿದ ಅಂದರೆ, 40ನೇ ವಯಸ್ಸಿನಲ್ಲಿ 33 ಟಚ್‌ಡೌನ್, ಇಂಟರ್‌ಸೆಪ್ಷನ್, ಅಂದರೆ ಎದುರಾಳಿಯ ಕೈಗೆ ಹೋದ ಎಸೆತ, ಬರೀ 7. ಇದನ್ನು ಮುಚ್ಚಿಡುವುದು ಸರಿಯಲ್ಲ. ಆಡಬಲ್ಲೆ ಅಂದದ್ದು ನಿಜವೇ ಆಗಿತ್ತು. ಈ ಜನವರಿಯಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಸೂಪರ್ ಬೌಲ್‌ಗೆ ಒಂದೇ ಹೆಜ್ಜೆ ಬಾಕಿ ಇದ್ದಾಗ, ಕೊನೆ ಕ್ಷಣದಲ್ಲಿ, ಮತ್ತೆ ಅದೇ ಥರ ಎದುರಾಳಿಯ ಕೈಗೆ ಎಸೆದ. ಕಾಲಿನ ಗಿಣ್ಣು ಊದಿಕೊಂಡು ಕುಂಟುತ್ತಾ ನಡೆದ. ನಮ್ಮ ಪಕ್ಕದ ಮನೆಯ ಅಜ್ಜ ಅವತ್ತು ಸಂತೋಷಪಡಲಿಲ್ಲ. ಎದ್ದು ಟಿವಿ ಆರಿಸಿದರಂತೆ.

ಈ ವರ್ಷ ಮೂರನೇ ಸಲ. ಆಗಸ್ಟ್ ಮೊದಲ ವಾರ, ಇನ್ನು ಆಡುವುದಿಲ್ಲ ಅಂತ ಜೊತೆ ಆಟಗಾರರಿಗೆ ಮೆಸೇಜ್ ಕಳಿಸಿದ್ದಾನೆ ಅಂತ ಸುದ್ದಿ ಬಂತು. ಮರುದಿನ, ಗಿಣ್ಣು ಸರಿಹೋದರೆ ಆಡುತ್ತೇನೆ ಅಂದ. ಈ ಮಂಗಳವಾರ ವೈಕಿಂಗ್ಸ್‌ನ ಮೂವರು ಆಟಗಾರರು ವಿಮಾನ ಹತ್ತಿ ಮಿಸಿಸಿಪ್ಪಿಗೆ ಹೋಗಿ ಅವನನ್ನು ಒಪ್ಪಿಸಿ ಕರೆತಂದರು. ಒಬ್ಬ ಜಾರೆಡ್ ಆಲನ್, ಹೋದ ವರ್ಷ ರಾಜರ್ಸ್‌ನನ್ನು ಅಷ್ಟು ಸಲ ಕೆಡವಿದವನು. ಇನ್ನೊಬ್ಬ ರಯಾನ್ ಲಾಂಗ್‌ವೆಲ್, ಒಂಬತ್ತು ಸೀಸನ್ ಇದೇ ಗ್ರೀನ್ ಬೇಗೆ ಆಡಿದವನು.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಅವನು ಆಡುವುದು ನನಗೆ ಬೇಜಾರಿಲ್ಲ. ದೇಹ ಒಪ್ಪುವ ತನಕ, ಯಾವುದಾದರೂ ತಂಡ ಕರೆಯುವ ತನಕ ಆಡಲಿ. ಮನಸ್ಸು ತೂಗಾಡುವುದೂ ತಪ್ಪಲ್ಲ. ಇಪ್ಪತ್ತೆರಡು ವರ್ಷದ ಹುಡುಗನಾಗಿದ್ದಾಗಿನಿಂದ ಅವನಿಗೆ ಗೊತ್ತಿರುವುದು ಇದೊಂದೇ ಕೆಲಸ. ನೋವಿನ ಮಾತ್ರೆಯ ಚಟದಿಂದ ಹೊರಗೆ ಬಂದಿದ್ದಾನೆ, ಅಪ್ಪನನ್ನು ಕಳೆದುಕೊಂಡಿದ್ದಾನೆ, ಹೆಂಡತಿಗೆ ಕ್ಯಾನ್ಸರ್ ಆದಾಗ ಜೊತೆಗೆ ನಿಂತಿದ್ದಾನೆ, ಎಲ್ಲದರ ನಡುವೆಯೂ ಭಾನುವಾರ ಮೈದಾನಕ್ಕೆ ಇಳಿದಿದ್ದಾನೆ. ಅದನ್ನು ಬಿಡುವುದು ಸುಲಭ ಅಲ್ಲ. ಆದರೆ ಆ ತೂಗಾಟವನ್ನು ಮನೆಯೊಳಗೆ ಇಟ್ಟುಕೊಳ್ಳಬಹುದಿತ್ತು. ಹೆಂಡತಿ ಜೊತೆ, ಕೋಚ್ ಜೊತೆ ಮಾತಾಡಿ, ತೀರ್ಮಾನ ಗಟ್ಟಿಯಾದ ಮೇಲೆ ಜನರಿಗೆ ಹೇಳಬಹುದಿತ್ತು. ಅವನು ಜನರ ಮುಂದೆ ಅತ್ತ, ಜನರನ್ನೂ ಅಳಿಸಿದ. ಜನ ಮನಸ್ಸು ತುಂಬಿ ಕಳಿಸಿಕೊಟ್ಟರು. ಒಂದು ಸಲ ಹಾಗೆ ಕಳಿಸಿದ ಮೇಲೆ ಇನ್ನೊಂದು ಸಲ ಕಳಿಸು ಅಂದರೆ ಆ ಪ್ರೀತಿಯನ್ನು ಎಲ್ಲಿಂದ ತರುವುದು?

ಇದನ್ನೆಲ್ಲ ನೋಡಿದಾಗ ನನಗೆ ನೆನಪಾಗುವುದು 1994. ನಾವಿಬ್ಬರೂ ಜಗಳ ಆಡಿದ್ದು ನೆನಪಿದೆಯಾ? ಕಪಿಲ್ ದೇವ್ ಹ್ಯಾಡ್ಲಿಯ 431 ಟೆಸ್ಟ್ ವಿಕೆಟ್‌ಗಳ ದಾಖಲೆ ಮುಟ್ಟಿದ್ದು ನಮ್ಮ ಬೆಂಗಳೂರಿನಲ್ಲೇ. ಫೆಬ್ರವರಿಯಲ್ಲಿ ಅಹಮದಾಬಾದಿನಲ್ಲಿ ದಾಟಿದಾಗ ನೀನು ಕುಣಿದೆ. ನಾನು ಮುಖ ಊದಿಸಿಕೊಂಡು ಕೂತಿದ್ದೆ, ನಮ್ಮ ಶ್ರೀನಾಥ್ ಹೊರಗೆ ಕೂತಿದ್ದಾನಲ್ಲ ಅಂತ. ಜಾವಗಲ್ ನಮ್ಮ ತಾಲ್ಲೂಕು, ಅರಸೀಕೆರೆಯಲ್ಲಿ ಶ್ರೀನಾಥ್ ಅಂದರೆ ಮನೆ ಹುಡುಗ. 1991ರಲ್ಲಿ ಆಸ್ಟ್ರೇಲಿಯಾದಲ್ಲಿ ಮೊದಲ ಟೆಸ್ಟ್ ಆಡಿದವನಿಗೆ ಭಾರತದ ನೆಲದಲ್ಲಿ ಟೆಸ್ಟ್ ಸಿಕ್ಕಿದ್ದು 1994ರ ನವೆಂಬರಿನಲ್ಲಿ, ಕಪಿಲ್ ಆಟ ಮುಗಿಸಿದ ಮೇಲೆ. ಮೂವರು ಸ್ಪಿನ್ನರ್ ಜೊತೆಗೆ ಪ್ರಭಾಕರ್ ಇದ್ದಾಗ ಇನ್ನೊಬ್ಬ ವೇಗಿಗೆ ಜಾಗ ಇರಲಿಲ್ಲ ಅಂತ ನೀನು ಆಗ ವಾದ ಮಾಡಿದ್ದೆ, ಅದರಲ್ಲೂ ಸ್ವಲ್ಪ ನಿಜ ಇದೆ. ಆದರೂ ವೇಗದ ಬೌಲರಿಗೆ ಇಪ್ಪತ್ತೆರಡರಿಂದ ಇಪ್ಪತ್ತೈದು ಅಂದರೆ ಚಿನ್ನದ ವಯಸ್ಸು. ಅದನ್ನು ಯಾರು ವಾಪಸ್ ಕೊಡುತ್ತಾರೆ? ಕಪಿಲ್ ಬಗ್ಗೆ ನನಗೆ ಗೌರವ ಇಲ್ಲ ಅಂತಲ್ಲ, 1983ರ ಕಪ್ ಅವನದೇ. ದೊಡ್ಡವರ ವಿದಾಯ ಎಳೆದಷ್ಟೂ ಹಿಂದೆ ನಿಂತವನ ಕಾಲ ಕರಗುತ್ತದೆ, ಅವನ ಬಗ್ಗೆ ಯಾರೂ ಬರೆಯುವುದಿಲ್ಲ. ನನಗೆ ರಾಜರ್ಸ್ ಮೇಲೆ ಇಷ್ಟು ಅಕ್ಕರೆ ಯಾಕೆ ಅಂತ ಈಗ ತಿಳಿಯಿತಾ?

ಇನ್ನು ಕುಂಬ್ಳೆ. ಅದೇ 2008ರ ನವೆಂಬರ್ 2. ಇಲ್ಲಿ ಫಾರ್ವ್ ಗಲಾಟೆ ಮುಗಿದು ಮೂರು ತಿಂಗಳು ಆಗಿತ್ತಷ್ಟೆ. ದೆಹಲಿ ಟೆಸ್ಟಿನಲ್ಲಿ ಎಡಗೈ ಬೆರಳಿಗೆ 11 ಹೊಲಿಗೆ, ಆಗ ಅವನೇ ನಾಯಕ, ಸರಣಿ ಇನ್ನೂ ನಡೆಯುತ್ತಿತ್ತು. ಕೊನೆ ದಿನ ಸಾಕು ಅಂತ ಹೇಳಿದ. ಹೊಲಿಗೆ ಹಾಕಿದ ಕೈಯಲ್ಲೇ ಕೊನೆಯ ಓವರುಗಳನ್ನು ಹಾಕಿದ, ಜೊತೆಯವರು ಹೆಗಲ ಮೇಲೆ ಹೊತ್ತು ಕರೆದೊಯ್ದರು. 619 ವಿಕೆಟ್, ಮುಗಿಯಿತು. ಮರು ಬೇಸಿಗೆ ಮತ್ತೆ ಬರುತ್ತೇನೆ ಅನ್ನಲಿಲ್ಲ. ಐಪಿಎಲ್ ಆಡುತ್ತಿದ್ದಾನೆ ನಿಜ, ಆದರೆ ಟೆಸ್ಟ್ ತಂಡದ ಬಾಗಿಲಲ್ಲಿ ಅರ್ಧ ಒಳಗೆ ಅರ್ಧ ಹೊರಗೆ ನಿಲ್ಲಲಿಲ್ಲ. ಆ ವಿಡಿಯೋವನ್ನು ಪಕ್ಕದ ಮನೆಯ ಅಜ್ಜನಿಗೆ ತೋರಿಸಿದೆ. ಅವರಿಗೆ ಕ್ರಿಕೆಟ್ ಒಂದು ಚೂರೂ ಗೊತ್ತಿಲ್ಲ. ಕೊನೆತನಕ ನೋಡಿದರು. ನಮ್ಮವನಿಗೂ ಹೀಗೇ ಮಾಡಬೇಕು ಅಂತ ಇದ್ದೆವು ಅಂದರು.

ಅವರು 4ನೇ ನಂಬರಿನ ಜರ್ಸಿಯನ್ನು ಎಸೆದಿಲ್ಲ. ಮಡಚಿ ಅಟ್ಟದ ಮೇಲೆ ಇಟ್ಟಿದ್ದಾರೆ. ಲ್ಯಾಂಬೋ ಹತ್ತಿರ ಫಾರ್ವ್ ಹೆಸರಿನ ರಸ್ತೆ ಹಾಗೇ ಇದೆ, ಹೆಸರು ಬದಲಾಯಿಸಿ ಅಂತ ಕೂಗುವವರೂ ಇದ್ದಾರೆ. ನನಗೆ ಅದು ಸರಿ ಕಾಣುವುದಿಲ್ಲ. ಆ 16 ವರ್ಷ ಸುಳ್ಳಲ್ಲ. ಒಂದು ದಿನ ಅವನನ್ನು ಕರೆದು ಆ ನಂಬರಿಗೆ ಗೌರವ ಕೊಡಲೇಬೇಕು. ಆದರೆ ಅದಕ್ಕೆ ಮೊದಲು ಅವನು ನಿಜವಾಗಿ ನಿಲ್ಲಿಸಬೇಕು, ನಿಲ್ಲಿಸಿ ಸ್ವಲ್ಪ ಕಾಲ ಸುಮ್ಮನಿರಬೇಕು.

ಅಕ್ಟೋಬರ್ 24ಕ್ಕೆ ವೈಕಿಂಗ್ಸ್ ಮತ್ತೆ ಲ್ಯಾಂಬೋಗೆ ಬರುತ್ತಾರೆ, ಭಾನುವಾರ ರಾತ್ರಿ. ಅಜ್ಜನ ಮಗಳಿಗೆ ಬರಲಿಕ್ಕಾಗುವುದಿಲ್ಲವಂತೆ, ಅವಳ ಟಿಕೆಟ್ ನನಗೆ ಕೊಡುತ್ತೇನೆ ಅಂದಿದ್ದಾರೆ. ಹೋಗುತ್ತೇನೆ. ಫಾರ್ವ್ ಬಂದಾಗ ಜನ ಕೂಗುತ್ತಾರೆ, ನಾನು ಕೂಗುವುದಿಲ್ಲ. ಚಪ್ಪಾಳೆಯನ್ನೂ ಹೊಡೆಯುವುದಿಲ್ಲ. ರಾಜರ್ಸ್‌ಗೆ ಮಾತ್ರ ಗಂಟಲು ಹರಿಯುವ ಹಾಗೆ ಕೂಗುತ್ತೇನೆ. ನಿಮಗೆ ಅದು ಸೋಮವಾರ ಬೆಳಿಗ್ಗೆ. ಸ್ಕೋರು ಏನಾಯಿತು ಅಂತ ಆಫೀಸಿಗೆ ಹೋಗುವ ಮುಂಚೆ ನೋಡು.

ಅಪ್ಪನಿಗೆ ಸ್ವೆಟರ್ ಕೊಂಡಿಟ್ಟಿದ್ದೇನೆ, ಡಿಸೆಂಬರಿನಲ್ಲಿ ಊರಿಗೆ ಬರುವ ಸ್ನೇಹಿತರ ಕೈಲಿ ಕಳಿಸುತ್ತೇನೆ. ಗೌರಿ ಹಬ್ಬದ ದಿನ ಫೋನ್ ಮಾಡುತ್ತೇನೆ, ಈ ಸಲ ದೊಡ್ಡ ಕಾರ್ಡ್ ತರುತ್ತೇನೆ. ಪುಟ್ಟಿಯನ್ನು ಫೋನ್ ಹತ್ತಿರವೇ ಕೂರಿಸು.

ನಿನ್ನ ಪ್ರೀತಿಯ ತಂಗಿ