ಮಾಥೇರಾನಿನ ಮಣ್ಣುದಾರಿ ಕುದುರೆಗೂ ಕಾಲ್ನಡೆಗೂ ಉಳಿಯಲಿ

ಮಾನ್ಯ ಸಂಪಾದಕರೇ,

ಡೊಂಬಿವಲಿಯಲ್ಲಿ ನೆಲೆಸಿರುವ ನಮ್ಮಂಥವರಿಗೆ ಕರ್ಜತ್ ಲೋಕಲ್ ಹಿಡಿದರೆ ಒಂದು ತಾಸಿನೊಳಗೆ ನೇರಳ್ ಸಿಗುತ್ತದೆ. ಅಲ್ಲಿಂದ ಘಟ್ಟ ಹತ್ತಿ ಮಾಥೇರಾನ್ ಗಿರಿಧಾಮದ ಕೆಂಪು ದಾರಿಯಲ್ಲಿ ನಡೆಯುವುದು ನನಗೆ ಮೂವತ್ತು ವರ್ಷಗಳ ಅಭ್ಯಾಸ. ದಸ್ತೂರಿ ನಾಕಾದಲ್ಲಿ ಮೋಟಾರು ವಾಹನಗಳೆಲ್ಲ ನಿಲ್ಲಬೇಕು. ಮುಂದೆ ಕಾಲ್ನಡಿಗೆ, ಕುದುರೆ, ಪುಟಾಣಿ ರೈಲು ಅಥವಾ ಈಚೆಗೆ ಬಂದ ಇ-ರಿಕ್ಷಾ. ಆಂಬುಲೆನ್ಸಿನಂಥ ಅನಿವಾರ್ಯಗಳನ್ನು ಬಿಟ್ಟರೆ ಹೊಗೆಯುಗುಳುವ ವಾಹನಗಳಿಲ್ಲದ ಇಂಥ ಊರು ಮುಂಬಯಿಯ ಇಷ್ಟು ಹತ್ತಿರ ಇನ್ನೊಂದಿಲ್ಲ. 2003ರಲ್ಲಿ ಈ ಪ್ರದೇಶವನ್ನು ಪರಿಸರ ಸೂಕ್ಷ್ಮ ವಲಯವೆಂದು ಕೇಂದ್ರ ಸರಕಾರ ಘೋಷಿಸಿತು. ಆ ಊರಿನ ಮಣ್ಣುದಾರಿಗಳಿಗೆ ಪೇವರ್ ಬ್ಲಾಕ್ (ಜೋಡಿಸಿ ಹಾಸುವ ಬಿಲ್ಲೆಗಲ್ಲು) ಹಾಸುತ್ತಿರುವ ಬಗ್ಗೆ ಈ ಪತ್ರ.

ಕಳೆದ ಮಳೆಗಾಲದ ಕೊನೆಯಲ್ಲಿ ಮೊಮ್ಮಗಳನ್ನು ಕುದುರೆಯ ಮೇಲೆ ಕೂರಿಸಿ, ಲಗಾಮು ಹಿಡಿದ ಕುದುರೆಯವರ ಜತೆಗೆ ನಾನು ನಡೆಯುತ್ತಿದ್ದೆ. ಪೇವರ್ ಬ್ಲಾಕ್ ಹಾಸಿದ ಇಳಿಜಾರಿನಲ್ಲಿ ಹಿಂದಿನಿಂದ ಇ-ರಿಕ್ಷಾ ಬಂದಿತೆಂದು ಕುದುರೆಯನ್ನು ಬದಿಗೆ ಸರಿಸಿದಾಗ ಅದರ ಹಿಂಗಾಲು ಜಾರಿ, ಮುಂಗಾಲ ಮಂಡಿ ನೆಲಕ್ಕೆ ಬಡಿಯಿತು. ಕುದುರೆಯವರು ಸಮಯಕ್ಕೆ ಮಗುವನ್ನು ಎತ್ತಿಕೊಂಡದ್ದರಿಂದ ಅವಳಿಗೆ ಏನೂ ಆಗಲಿಲ್ಲ, ಕುದುರೆಯ ಮಂಡಿಯ ಚರ್ಮ ಮಾತ್ರ ಕಿತ್ತುಬಂದಿತ್ತು. ಮಣ್ಣಿನಲ್ಲಿ ಲಾಳ ಸ್ವಲ್ಪ ಹೂತು ಹಿಡಿತ ಸಿಗುತ್ತದೆ, ಪಾಚಿ ಕಟ್ಟಿದ ಈ ಕಲ್ಲಿನ ಮೇಲೆ ಕಬ್ಬಿಣದ ಲಾಳ ಎಲ್ಲಿ ನಿಲ್ಲಬೇಕು ಎಂದು ಅವರು ಮರಾಠಿಯಲ್ಲಿ ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ.

ಪೇವರ್ ಬ್ಲಾಕ್ ಬೇಡವೇ ಬೇಡ ಎಂದು ನಾನು ಹೇಳುತ್ತಿಲ್ಲ. ಮಾಥೇರಾನಿನ ನೆಲವೂ ನಮ್ಮ ಕರಾವಳಿಯ ಮುರಕಲ್ಲಿನ ನೆಲವೇ ಆದ್ದರಿಂದ ಜೋರು ಮಳೆಗೆ ಮೇಲ್ಮಣ್ಣು ಕೊಚ್ಚಿಹೋಗಿ ಬೇರುಗಳೂ ಕಲ್ಲುಗಳೂ ಎದ್ದು ನಿಲ್ಲುವುದನ್ನು ಕರಾವಳಿಯಲ್ಲಿ ಬೆಳೆದ ಯಾರೂ ಬಲ್ಲರು. ಮನುಷ್ಯರು ಮನುಷ್ಯರನ್ನು ಎಳೆಯುವ ಕೈಗಾಡಿಯನ್ನು ಆರು ತಿಂಗಳೊಳಗೆ ನಿಲ್ಲಿಸಬೇಕೆಂದು ಸುಪ್ರೀಂ ಕೋರ್ಟ್ 2025ರ ಆಗಸ್ಟಿನಲ್ಲಿ ಆದೇಶಿಸಿದ್ದು ತೀರ ಸರಿಯಾದ ಮಾತು. ಅದನ್ನು ಎಳೆಯುತ್ತಿದ್ದವರ ಕೈಗೆ ಇ-ರಿಕ್ಷಾ ಬರಲೇಬೇಕು, ಮತ್ತು ಚಕ್ರಕ್ಕೆ ಗಟ್ಟಿ ನೆಲ ಬೇಕು. ಆದರೆ ಇ-ರಿಕ್ಷಾ ಹೆಚ್ಚಿದಷ್ಟೂ ಅದೇ ದಾರಿಯಲ್ಲಿ ಕುದುರೆಗೂ ನಡೆಯುವವರಿಗೂ ಜಾಗ ಕಡಿಮೆಯಾಗುತ್ತದೆ ಎಂಬುದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಂತೆ ಕಾಣುವುದಿಲ್ಲ.

ಆದ್ದರಿಂದ ನನ್ನ ಬೇಡಿಕೆ ಇಷ್ಟು: ದಸ್ತೂರಿಯಿಂದ ಪೇಟೆಯವರೆಗಿನ ಮುಖ್ಯ ದಾರಿಯಲ್ಲಿ ಇ-ರಿಕ್ಷಾಕ್ಕೆ ಬೇಕಾದಷ್ಟೇ ಅಗಲಕ್ಕೆ ಗಟ್ಟಿ ಹಾಸು ಇರಲಿ, ಅದರ ಒಂದು ಬದಿಗೆ ಐದಾರು ಅಡಿ ಮಣ್ಣಿನ ಪಟ್ಟಿಯನ್ನು ಕುದುರೆಗಳಿಗೂ ನಡೆಯುವವರಿಗೂ ಬಿಡಲಿ. ಮಣ್ಣು ಕೊಚ್ಚಿಹೋಗದಿರಲು ಅಂಚಿಗೆ ಕಲ್ಲು ಕಟ್ಟಿದ ಕಣಿ ತೋಡಿ, ಇಳಿಜಾರಿನಲ್ಲಿ ಅಲ್ಲಲ್ಲಿ ಅಡ್ಡಗಾಲುವೆ ಬಿಟ್ಟು ನೀರನ್ನು ಕಾಡಿನತ್ತ ತಿರುಗಿಸಿದರೆ ಸಾಕು; ನಮ್ಮ ಹಿರಿಯರು ಅಡಿಕೆ ತೋಟಗಳ ದಾರಿಯನ್ನು ಉಳಿಸಿಕೊಂಡದ್ದು ಹೀಗೆಯೇ. ಶಾರ್ಲೆಟ್ ಕೆರೆ, ಲೂಯಿಸಾ ಪಾಯಿಂಟ್, ಪನೋರಮಾ ಪಾಯಿಂಟುಗಳತ್ತ ಮರಗಳ ನಡುವೆ ಹೋಗುವ ಒಳದಾರಿಗಳಿಗಂತೂ ಒಂದು ಬ್ಲಾಕನ್ನೂ ಹಾಕಬಾರದು.

ಬೆಟ್ಟ ಹತ್ತುವ ಹಳೆಯ ಕಾಲುದಾರಿಗಳೂ ಗಮನಕ್ಕೆ ಬರಬೇಕು. ಭಿವಪುರಿ ರೋಡ್ ನಿಲ್ದಾಣದಿಂದ ಗಾರ್ಬೆಟ್ ಬಯಲಿಗೆ, ಧೋಧಾಣಿಯಿಂದ ಸನ್‌ಸೆಟ್ ಪಾಯಿಂಟಿಗೆ, ಒನ್ ಟ್ರೀ ಹಿಲ್ ಬಳಿಯ ಶಿವಾಜಿ ಏಣಿಗೆ ಹೋಗುವ ಹಾದಿಗಳು ಹಲವು ತಲೆಮಾರುಗಳಿಂದ ಬಳಕೆಯಲ್ಲಿವೆ. 1850ರಲ್ಲಿ ಠಾಣೆಯ ಕಲೆಕ್ಟರ್ ಹ್ಯೂ ಮ್ಯಾಲೆಟ್ ಈ ಬೆಟ್ಟವನ್ನು ಕಂಡುಹಿಡಿದರೆಂದು ಪುಸ್ತಕಗಳು ಹೇಳುತ್ತವೆ. ತಪ್ಪಲಿನ ವಾಡಿಗಳ (ಸಣ್ಣ ಹಳ್ಳಿಗಳ) ಆದಿವಾಸಿಗಳಾದ ಠಾಕರರೂ ಕಾತ್ಕರಿಗಳೂ ಅದಕ್ಕೆ ಎಷ್ಟೋ ಮೊದಲೇ ಇದನ್ನು ಬಲ್ಲವರು. ಈ ಹಾದಿಗಳ ಕವಲುಗಳಲ್ಲಿ ಇಂದಿಗೂ ಒಂದು ಫಲಕವಿಲ್ಲದೆ ಮಳೆಗಾಲದ ಮಂಜಿನಲ್ಲಿ ದಾರಿ ತಪ್ಪುವವರಿದ್ದಾರೆ. ಕವಲಿಗೊಂದು ಕಲ್ಲಿನ ಗುರುತು ನೆಟ್ಟು, ವಾಡಿಗಳ ಯುವಕರನ್ನೇ ಮಾರ್ಗದರ್ಶಕರಾಗಿ ನೋಂದಾಯಿಸಿ ಗುರುತಿನ ಚೀಟಿ ಕೊಟ್ಟರೆ ಅವರಿಗೆ ದುಡಿಮೆಯೂ ಆಗುತ್ತದೆ, ಚಾರಣಿಗರಿಗೆ ಧೈರ್ಯವೂ ಬರುತ್ತದೆ.

ಸೈಕಲ್ ತುಳಿಯುವವರಿಗೆ ನೇರಳ್‌ನಿಂದ ದಸ್ತೂರಿಯವರೆಗಿನ ಘಟ್ಟದ ರಸ್ತೆ ದೊಡ್ಡ ಆಕರ್ಷಣೆ. ಆದರೆ ಕಡಿದಾದ ಆ ತಿರುವುಗಳಲ್ಲಿ ಟ್ಯಾಕ್ಸಿಗಳು ಬರುವ ವೇಗ ನೋಡಿದರೆ ಎದೆ ನಡುಗುತ್ತದೆ. ಭಾನುವಾರ ಬೆಳಗ್ಗೆ ಏಳರವರೆಗಾದರೂ ಟ್ಯಾಕ್ಸಿಗಳಿಗೆ ವೇಗದ ಮಿತಿಯನ್ನು ಕಟ್ಟುನಿಟ್ಟಾಗಿ ಪಾಲಿಸಬೇಕು ಎಂದು ಹೇಳಿ, ತಿರುವುಗಳಲ್ಲಿ ಸೈಕಲ್‌ಗಳ ಬಗ್ಗೆ ಎಚ್ಚರಿಸುವ ಫಲಕ ಹಾಕಬಹುದು.

ಮುಂದಿನ ಕಾಮಗಾರಿಯ ನಕ್ಷೆ ಅಂತಿಮವಾಗುವ ಮೊದಲು ಸಂಬಂಧಪಟ್ಟ ಅಧಿಕಾರಿಗಳು ಒಂದು ಮಳೆಯ ದಿನ ಕುದುರೆಯವರ ಜತೆ ಆ ಇಳಿಜಾರಿನಲ್ಲಿ ನಡೆದು ನೋಡಬೇಕೆಂದು ತಮ್ಮ ಪತ್ರಿಕೆಯ ಮೂಲಕ ಕೇಳಿಕೊಳ್ಳುತ್ತೇನೆ. ಕರೆದರೆ ನಾನೂ ಬರಲು ಸಿದ್ಧನಿದ್ದೇನೆ.

ಇಂತಿ,
ತಮ್ಮ ಓದುಗ,
ಡೊಂಬಿವಲಿ (ಪೂರ್ವ)