ಭಾನುವಾರದ ಮಾತುಕತೆ: ಆಬಾಕ್ವಾಡ್

ಎಲ್ಲರಿಗೂ ನಮಸ್ಕಾರ. ಭಾನುವಾರ ಸಂಜೆ 6ಕ್ಕೆ ವಿಡಿಯೊ ಕರೆಯಲ್ಲಿ ಸೇರೋಣ.

ಆಬಾಕ್ವಾಡ್ ಅಂದರೆ ಹಲವು ದೇಶಗಳ ಮೂಲನಿವಾಸಿ ಕಲಾವಿದರು, ಕ್ಯುರೇಟರ್‌ಗಳು (ಕಲಾ ಪ್ರದರ್ಶನ ರೂಪಿಸುವವರು), ವಿದ್ವಾಂಸರು ಸೇರಿ ತಮ್ಮ ಕಲೆಯ ಬಗ್ಗೆ ತಾವೇ ಮಾತಾಡುವ ಕೂಟ. 2018ರಲ್ಲಿ ಟೊರಾಂಟೊದಲ್ಲಿ ಶುರುವಾಯಿತು, 2022ರಲ್ಲಿ ವೆನಿಸ್‌ಗೆ ಹೋಯಿತು. ಅದೇ ವರ್ಷ ವೆನಿಸ್ ಬಿಯೆನಾಲೆ ಎಂಬ ದೊಡ್ಡ ಕಲಾ ಪ್ರದರ್ಶನದಲ್ಲಿ ನಾರ್ವೆ, ಸ್ವೀಡನ್, ಫಿನ್‌ಲ್ಯಾಂಡ್‌ಗಳ ಜಂಟಿ ಮಂಟಪವಾದ ನಾರ್ಡಿಕ್ ಪೆವಿಲಿಯನ್ ಸಾಮಿ ಪೆವಿಲಿಯನ್ ಆಗಿತ್ತು. ಸಾಮಿ ಅಂದರೆ ಯುರೋಪಿನ ಉತ್ತರ ತುದಿಯ ಮೂಲನಿವಾಸಿಗಳು.

ಆ ಪೆವಿಲಿಯನ್‌ನಲ್ಲಿದ್ದ ಮೂವರು ಸಾಮಿ ಕಲಾವಿದರಲ್ಲಿ ಮಾರೆಟ್ ಆನೆ ಸಾರಾ ಬಗ್ಗೆ ಜಾಸ್ತಿ ಮಾತಾಡೋಣ. ಹಿಮಸಾರಂಗಗಳ ಸಂಖ್ಯೆ ಇಳಿಸಬೇಕೆಂದು ನಾರ್ವೆ ಸರ್ಕಾರ ಹಿಮಸಾರಂಗ ಸಾಕುವ ಇವರ ತಮ್ಮನಿಗೆ ಆದೇಶ ಕೊಟ್ಟಿತ್ತು. ಆ ತಮ್ಮ ಆದೇಶದ ವಿರುದ್ಧ ಕೋರ್ಟಿಗೆ ಹೋದರು. ಅಕ್ಕ ಪ್ರತಿಭಟನೆಯಾಗಿ ಹಿಮಸಾರಂಗದ ತಲೆಬುರುಡೆಗಳನ್ನು ಪೋಣಿಸಿ ದೊಡ್ಡ ಪರದೆ ಮಾಡಿದರು. ಕೊನೆಗೆ ಆ ಪರದೆಯನ್ನು ಕೊಂಡುಕೊಂಡಿದ್ದು ನಾರ್ವೆಯದೇ ರಾಷ್ಟ್ರೀಯ ಮ್ಯೂಸಿಯಂ! ವಿಚಿತ್ರ ಅಲ್ವಾ?

ಅದರ ಫೋಟೊ ಹುಡುಕಿ, ನೋಡಿಕೊಂಡೇ ಬನ್ನಿ. ಬರುವವರು ಶನಿವಾರದೊಳಗೆ ಇಲ್ಲೇ ತಿಳಿಸಿ. ಸುಮ್ನೆ ಹೆಬ್ಬೆರಳು ಒತ್ತಿದರೆ ಲೆಕ್ಕಕ್ಕಿಲ್ಲ.